ಎರಡು ಕಹಿ, ಒಂದು ಲೋಟ

ಔಷಧೀಯವೆಂದು ಹೆಸರಾದ ರೇಷಿ ಅಣಬೆ ಮತ್ತು ಹುರಿಯದ ಕೋಕೋ, ಈ ಎರಡು ಕಹಿಗಳನ್ನು ಒಂದೇ ಲೋಟದಲ್ಲಿ ಕೂಡಿಸಲು ಹೊರಟಿದ್ದೆ. ರೇಷಿಯ ಪುಡಿಯನ್ನು ಬಿಸಿನೀರಿಗೆ ಕದಡಿ ಕುಡಿದ ಮೊದಲ ದಿನ ಬಾಯಲ್ಲಿ ಉಳಿದದ್ದು ಮರದ ಹೊಟ್ಟು ಮತ್ತು ಸಿಟ್ಟು. ಪುಡಿ ಕರಗದೆ ಲೋಟದ ತಳ ಹಿಡಿದು ಕೂತಿತ್ತು. ಅದು ಕರಗುವ ಜಾತಿಯದೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಅಣಬೆಯ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ. ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಎಲ್ಲರೂ ಹೊಗಳುವ ಬೀಟಾ ಗ್ಲೂಕಾನ್ ಎಂಬ ನಾರು ಆ ಭಿತ್ತಿಯಲ್ಲೇ ಹೆಣೆದುಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಬಿಸಿನೀರೂ ಬೇಕು, ತಾಳ್ಮೆಯೂ ಬೇಕು.

ಪುಡಿಯ ಸಹವಾಸ ಬಿಡಲು ಇನ್ನೊಂದು ಕಾರಣವಿತ್ತು. ಲಯನ್ಸ್ ಮೇನ್ ಎಂಬ ಇನ್ನೊಂದು ಅಣಬೆಯದೆಂದು ತಂದ ಪುಡಿ ಹಿಟ್ಟಿನಂತೆ ಸಪ್ಪೆಯಾಗಿತ್ತು. ಕುದಿಸಿ ಆರಿಸಿ, ಒಂದು ಹನಿ ಅಯೋಡಿನ್ ಬಿಟ್ಟೆ. ನೀರು ಕಡುನೀಲಿಯಾಯಿತು, ಅದು ಪಿಷ್ಟದ ಗುರುತು. ಅಣಬೆ ಕೂಡಿಡುವುದು ಗ್ಲೈಕೋಜನ್ ಅನ್ನು, ಪಿಷ್ಟವನ್ನಲ್ಲ. ಬಹುಶಃ ಧಾನ್ಯದ ಮೇಲೆ ಬೆಳೆಸಿದ ಕವಕಜಾಲವನ್ನು (ಅಣಬೆಯ ಬೇರಿನಂಥ ಎಳೆಗಳನ್ನು) ಧಾನ್ಯದ ಸಮೇತ ಬೀಸಿದ್ದರು. ಅಣಬೆಯ ಬೆಲೆಗೆ ಹಿಟ್ಟು ಕುಡಿಯುತ್ತಿದ್ದೆ!

ಈಗ ಒಣಗಿದ ರೇಷಿ ಹೋಳುಗಳನ್ನೇ ತರುತ್ತೇನೆ. 5 ಗ್ರಾಂ ಹೋಳಿಗೆ ಅರ್ಧ ಲೀಟರ್ ನೀರು, ಸಣ್ಣ ಉರಿ, ಎರಡು ಗಂಟೆ. ಅರ್ಧಕ್ಕೆ ಇಳಿದ ಮೇಲೆ ಸೋಸುತ್ತೇನೆ. ಈ ಕಷಾಯದ ಕಹಿ ರೇಷಿಯ ರಾಸಾಯನಿಕಗಳಾದ ಟ್ರೈಟರ್ಪೀನ್‌ಗಳದು. ನಾಲಿಗೆಯನ್ನು ದಾಟಿ ಗಂಟಲಿನ ಹಿಂದೆ ಕೂರುತ್ತದೆ, ಬೇಗ ಏಳುವುದಿಲ್ಲ.

ಹುರಿಯದ ಕೋಕೋದ ಕಹಿ ಬೇರೆಯೇ. ಮೊದಲು ಹಣ್ಣಿನ ಹುಳಿ, ಆಮೇಲೆ ಒಗರು, ಕಹಿ ಕೊನೆಗೆ. ಬೀಜಗಳನ್ನು ಹುಳಿಯಲು ಬಿಟ್ಟಾಗ ಹುಟ್ಟುವ ಅಸಿಟಿಕ್ ಆಮ್ಲ ಹುರಿದರೆ ಬಹುಪಾಲು ಹಾರಿಹೋಗುತ್ತದೆ, ಹುರಿಯದಿದ್ದರೆ ಉಳಿಯುತ್ತದೆ. ‘ಹಸಿ’ ಎಂಬ ಮಾತನ್ನು ಮಾತ್ರ ತೀರಾ ನಂಬಬೇಡಿ: ಹುಳಿಯುವ ರಾಶಿಯ ಒಳಗೇ ಶಾಖ 50 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ನಾಲಿಗೆಯನ್ನು ಬಿಗಿಯುವ ಆ ಒಗರು ಕೋಕೋದ ಸಸ್ಯಸಂಯುಕ್ತಗಳಾದ ಫ್ಲಾವನಾಲ್‌ಗಳ ಕುರುಹು. ಕ್ಷಾರದಲ್ಲಿ ಸಂಸ್ಕರಿಸಿದ ಕಪ್ಪು ಕೋಕೋ ಪುಡಿ ಮೆದುವಾಗಿರುವುದು ಅವು ಬಹಳಷ್ಟು ನಾಶವಾಗಿರುವುದರಿಂದಲೂ ಹೌದು. ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲಾವನಾಲ್ ರಕ್ತನಾಳಗಳ ಸ್ಥಿತಿಸ್ಥಾಪಕತೆಗೆ ನೆರವಾಗುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿದೆ. ಅಣಬೆಗಳ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ. ಜಪಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಲಯನ್ಸ್ ಮೇನ್ ಅಧ್ಯಯನದಲ್ಲಿ, ಸ್ವಲ್ಪ ಮರೆವಿದ್ದವರ ಅರಿವಿನ ಪರೀಕ್ಷೆಯ ಅಂಕಗಳು 16 ವಾರಗಳಲ್ಲಿ ಏರಿದವು, ಸೇವನೆ ನಿಲ್ಲಿಸಿದ ಮೇಲೆ ಇಳಿದವು. ಭಾಗವಹಿಸಿದ್ದವರು ಸುಮಾರು 30 ಮಂದಿ ಮಾತ್ರ.

ಎರಡನ್ನೂ ಕೂಡಿಸುವಾಗ ಸಕ್ಕರೆ ಸುರಿದು ಕೆಟ್ಟೆ. ಸಿಹಿ ಮೊದಲು ಮಾಯವಾಗಿ ರೇಷಿ ಮಾತ್ರ ಗಂಟಲಲ್ಲಿ ನಿಂತಿತು. ಕೆಲಸಕ್ಕೆ ಬಂದದ್ದು ಕೊಬ್ಬು. ಕೋಕೋ ಬೀಜದ ತೂಕದಲ್ಲಿ ಸುಮಾರು ಅರ್ಧ ಕೊಬ್ಬೇ. ಆದ್ದರಿಂದ ಕೊಬ್ಬು ತೆಗೆದ ಪುಡಿಯ ಬದಲು ಇಡೀ ಬೀಜವನ್ನು ನುಣ್ಣಗೆ ಅರೆದು, 20 ಗ್ರಾಂನಷ್ಟನ್ನು ಬಿಸಿ ಕಷಾಯಕ್ಕೆ ಹಾಕಿ ನೊರೆ ಬರುವವರೆಗೆ ಕಡೆಯುತ್ತೇನೆ. ಚಿಟಿಕೆ ಉಪ್ಪು, ಅರ್ಧ ಚಮಚ ಜೇನು. ರೇಷಿ ಆಗ ಹಿನ್ನೆಲೆಯ ಶ್ರುತಿಯಾಗುತ್ತದೆ.

ರಾತ್ರಿ ಕುಡಿದು ಒಂದು ವಾರ ನಿದ್ದೆ ಕಳೆದುಕೊಂಡೆ. ಕೋಕೋದಲ್ಲಿರುವ ಉತ್ತೇಜಕ ಥಿಯೊಬ್ರೊಮಿನ್ ಕೆಫೀನ್‌ಗಿಂತ ಸೌಮ್ಯ, ಆದರೆ ದೇಹದಿಂದ ನಿಧಾನವಾಗಿ ಇಳಿಯುತ್ತದೆ. ಈಗ ಮಧ್ಯಾಹ್ನವೇ ಮುಗಿಸುತ್ತೇನೆ. ಚಾಗಾ ಎಂಬ ಶಿಲೀಂಧ್ರವನ್ನು ಕೋಕೋ ಜೊತೆ ಬೆರೆಸುವುದಿಲ್ಲ, ಎರಡರಲ್ಲೂ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಇದೆ. ನನ್ನ ಮೂತ್ರಪಿಂಡಗಳ ಮೇಲೆ ನನಗೆ ಅಕ್ಕರೆಯಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ರೇಷಿ ಮುಟ್ಟುವ ಮೊದಲು ವೈದ್ಯರನ್ನು ಕೇಳಬೇಕು.

ಸೋಸಿದ ಹೋಳುಗಳನ್ನು ಎಸೆಯುವುದಿಲ್ಲ, ಮರುದಿನ ಮತ್ತೆ ಕುದಿಸುತ್ತೇನೆ. ಎರಡನೆಯ ನೀರಿನಲ್ಲಿ ಕಹಿ ತಗ್ಗಿರುತ್ತದೆ, ಕೋಕೋದ ಹಣ್ಣಿನ ಹುಳಿ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ.