ಮುಖ ಯಾಕೆ ಹೀಗಿದೆ? ಎಕ್ಸ್‌ಪ್ರೆಷನಿಸ್ಟ್ ಚಿತ್ರ ನೋಡುವ ಬಗೆ

ಎಕ್ಸ್‌ಪ್ರೆಷನಿಸ್ಟ್ ಚಿತ್ರ ಅಂದರೆ ಕಣ್ಣಿಗೆ ಕಂಡಿದ್ದಕ್ಕಿಂತ ಮನಸ್ಸಿಗೆ ಅನಿಸಿದ್ದನ್ನು ತೋರಿಸುವ ಚಿತ್ರ. ಅದನ್ನು ಮೊದಲ ಸಲ ನೋಡಿದವರು ಕೇಳುವುದು ಇಷ್ಟೇ: ಮನುಷ್ಯರ ಮುಖ ಹಳದಿ, ಹಸಿರು ಇರುತ್ತಾ? ಇರಲ್ಲ. ಆದರೆ ಬಳ್ಳಾರಿ ಕಡೆಯವರಿಗೆ ಈ ದಾರಿ ಹೊಸದೇನಲ್ಲ. ನಮ್ಮ ತೊಗಲುಗೊಂಬೆಯಾಟದಲ್ಲಿ ರಾಜನ ಗೊಂಬೆ ದೊಡ್ಡದು, ಸೇವಕನದು ಸಣ್ಣದು, ಅದನ್ನು ನೋಡಿ ರಾಜ ನಿಜಕ್ಕೂ ಅಷ್ಟು ಎತ್ತರ ಇದ್ದನಾ ಅಂತ ಯಾರೂ ಕೇಳಲ್ಲ, ಅಲ್ವಾ? ಅಲ್ಲಿ ಅಳತೆ ಸ್ಥಾನವನ್ನು ಹೇಳುತ್ತದೆ. ಇಲ್ಲಿ ಅಳತೆ, ಬಣ್ಣ, ಗೆರೆ ಎಲ್ಲವೂ ಮನಸ್ಸಿನ ಸ್ಥಿತಿ ಹೇಳುತ್ತವೆ.

ಹಾಗಾಗಿ ನೀವು ಹುಡುಕಬೇಕಾದ್ದು ಒಂದೇ. ಕಲಾವಿದ ಕಣ್ಣಿಗೆ ಕಂಡಿದ್ದನ್ನು ಎಲ್ಲಿ ಬದಲಿಸಿದ, ಅಲ್ಲೇ ಯಾಕೆ ಬದಲಿಸಿದ?

ಜರ್ಮನಿಯ ಎರ್ನ್‌ಸ್ಟ್ ಲುಡ್ವಿಗ್ ಕಿರ್ಶ್ನರ್ 1915ರಲ್ಲಿ ತನ್ನನ್ನೇ ಸೈನಿಕನಾಗಿ ಬರೆದುಕೊಂಡ ಚಿತ್ರವನ್ನು ಮೊಬೈಲಲ್ಲಿ ತೆಗೆಯಿರಿ. ಚಿತ್ರದ ಕೆಳಗಿರುವ ವಿವರಣೆ ಈಗಲೇ ಓದಬೇಡಿ. ಮೊದಲು ಕೈ ನೋಡಿ: ಬಲಗೈ ಮಣಿಕಟ್ಟಿನಲ್ಲೇ ತುಂಡಾಗಿದೆ. ಆಮೇಲೆ ಕಣ್ಣು. ಪಾಪೆಯೇ ಇಲ್ಲ, ಖಾಲಿ. ಬಾಯಲ್ಲಿ ಸಿಗರೇಟು ಇದೆ, ಮೈಮೇಲೆ ಸಮವಸ್ತ್ರ ಇದೆ, ಹಿಂದೆ ಬೆತ್ತಲೆ ಮಾಡೆಲ್ ನಿಂತಿದ್ದಾಳೆ, ಆದರೆ ಅವನು ಅವಳ ಕಡೆ ತಿರುಗಿಯೂ ಇಲ್ಲ. ಅಂದರೆ ಇದು ಅವನು ಕೆಲಸ ಮಾಡುವ ಜಾಗ, ಮತ್ತು ಆ ಜಾಗದಲ್ಲಿ ಅವನಿಗೆ ಕೆಲಸವೇ ಆಗುತ್ತಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇಲ್ಲೇ.

ಈಗ ಇತಿಹಾಸ ಓದಿ. ಮೊದಲನೇ ಮಹಾಯುದ್ಧದಲ್ಲಿ ಫಿರಂಗಿ ದಳ ಸೇರಿದ ಕಿರ್ಶ್ನರ್ ಮಾನಸಿಕವಾಗಿ ಕುಸಿದು, ಸೇನೆಯಿಂದ ಹೊರಬಂದ. ಅವನ ಕೈ ಮಾತ್ರ ನಿಜವಾಗಿ ಎಂದೂ ತುಂಡಾಗಿರಲಿಲ್ಲ. ಚಿತ್ರ ಬರೆಯುವವನಿಗೆ ಕೈ ಹೋದರೆ ಏನು ಉಳಿಯುತ್ತದೆ? ಆ ಭಯವನ್ನೇ ಅವನು ಗಾಯ ಮಾಡಿ ತೋರಿಸಿದ. ಮೊದಲೇ ಇದನ್ನು ಓದಿದ್ದರೆ ನೀವು ಕೈ ನೋಡುತ್ತಿರಲಿಲ್ಲ, ಸುಮ್ನೆ ಮಾಹಿತಿ ಸರಿ ಇದೆಯಾ ಅಂತ ತಾಳೆ ನೋಡುತ್ತಿದ್ದಿರಿ.

ಬಣ್ಣದ ವಿಷಯದಲ್ಲಿ ಒಂದು ಎಚ್ಚರ. ಕೆಂಪು ಅಂದರೆ ಕೋಪ, ನೀಲಿ ಅಂದರೆ ದುಃಖ ಅನ್ನುವ ಪಟ್ಟಿಗಳನ್ನು ನಂಬಬೇಡಿ. ನಮಗೆ ಕೆಂಪು ಕುಂಕುಮವೂ ಹೌದು, ರಕ್ತವೂ ಹೌದು. ಪಕ್ಕದಲ್ಲಿ ಯಾವ ಬಣ್ಣ ಇದೆ, ಎಷ್ಟು ಜಾಗ ಹಿಡಿದಿದೆ, ಕುಂಚ ನಿಧಾನಕ್ಕೆ ಓಡಿದೆಯಾ ಇಲ್ಲಾ ಗೀಚಿದ ಹಾಗಿದೆಯಾ, ಅದರ ಮೇಲೆ ಅರ್ಥ ನಿಲ್ಲುತ್ತದೆ.

ಇದೇ ರೀತಿ ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್‌ನ 1893ರ 'ಚೀತ್ಕಾರ' ನೋಡಿ. ಎಲ್ಲರೂ ಆ ಬಾಯಿಗೇ ಹೋಗುತ್ತಾರೆ. ನೀವು ಕೈಗಳಿಂದ ಶುರು ಮಾಡಿ, ಅವು ಕಿವಿ ಮುಚ್ಚಿವೆ. ಸ್ನೇಹಿತರ ಜೊತೆ ನಡೆಯುವಾಗ ಆಕಾಶ ರಕ್ತಗೆಂಪಾಗಿ, ಪ್ರಕೃತಿಯೊಳಗಿಂದ ಚೀತ್ಕಾರ ಹಾದುಹೋದಂತೆ ಅನಿಸಿತು ಅಂತ ಮುಂಕ್ ಬರೆದಿಟ್ಟಿದ್ದಾನೆ. ಆಕಾಶವೂ ಆ ವ್ಯಕ್ತಿಯೂ ಅಲೆಅಲೆಯಾಗಿ ಬಳುಕುತ್ತಿರುವಾಗ ಸೇತುವೆ ಮಾತ್ರ ನೆಟ್ಟಗಿದೆ, ಹಿಂದಿನ ಇಬ್ಬರೂ ನೆಟ್ಟಗೇ ನಿಂತಿದ್ದಾರೆ. ಅವರಿಗೆ ಆ ಸದ್ದು ಕೇಳಿಸಿದೆಯಾ ಅಂತ ಚಿತ್ರವನ್ನೇ ಕೇಳಿ.