ಕ್ಯಾಸಿನೊ ಸ್ಲಾಟ್ ಮಷಿನ್: ಕೂರುವ ಮೊದಲು ಏನು ನೋಡಬೇಕು

ದಾವಣಗೆರೆಯಿಂದ ಗೋವಾಕ್ಕೆ ಹೊರಟವರು ಕೇಳೋದು ಒಂದೇ, ಯಾವ ಮಷಿನ್ ಆಡಬೇಕು ಅಂತ. 21 ವರ್ಷ ಆಗಿಲ್ಲದಿದ್ದರೆ ಆ ಯೋಚನೆಯೇ ಬೇಡ.

ಮೊದಲು ಮಾಹಿತಿ ಬಟನ್ ಒತ್ತಿ ಓದಿ. ಒಂದು ಸಾಲಿಗೆ (ಚಿತ್ರಗಳು ಹೊಂದಿಕೊಂಡರೆ ದುಡ್ಡು ಸಿಗುವ ಗೆರೆ) 1 ರೂಪಾಯಿ ಅಂತ ಇದ್ದರೂ 25 ಸಾಲು ಇದ್ದರೆ ಒಂದು ಸ್ಪಿನ್‌ಗೆ, ಅಂದರೆ ಒಮ್ಮೆ ತಿರುಗಿಸಿದರೆ, 25 ರೂಪಾಯಿ ಹೋಗುತ್ತದೆ, ಇದನ್ನು ಜಾಸ್ತಿ ಜನ ಗಮನಿಸೋದೇ ಇಲ್ಲ. ಆರ್‌ಟಿಪಿ, ಅಂದರೆ ಹಾಕಿದ ಬೆಟ್‌ನಲ್ಲಿ ಆಡುವವರಿಗೆ ವಾಪಸ್ ಬರುವ ಪಾಲು, ತೋರಿಸಿದ್ದರೆ ನೋಡಿ. 95% ಅಂದರೆ ಲಕ್ಷಾಂತರ ಸ್ಪಿನ್ ಸೇರಿ ನೂರಕ್ಕೆ ಸರಾಸರಿ 95 ವಾಪಸ್ ಅಂತ, ಇವತ್ತು ರಾತ್ರಿ ನಿಮಗೆ ಅಷ್ಟು ಬರುತ್ತದೆ ಅಂತಲ್ಲ. ಲೆಕ್ಕ ಹಾಕಿ: 10 ರೂಪಾಯಿಯ ಸ್ಪಿನ್, ಆರು ಸೆಕೆಂಡಿಗೊಂದು ಒತ್ತಿದರೆ ಗಂಟೆಗೆ 600 ಸ್ಪಿನ್, 6,000 ರೂಪಾಯಿ ಬೆಟ್, ಅದರಲ್ಲಿ ಸರಾಸರಿ 300 ನಷ್ಟ. ಅದಕ್ಕೇ ನಿಧಾನಕ್ಕೆ ಆಡಿ, ಮಷಿನ್ ತಾನೇ ಸ್ಪಿನ್ ಮಾಡುತ್ತಾ ಹೋಗುವ ಆಟೊಪ್ಲೇ ಮುಟ್ಟಬೇಡಿ.

"ಈ ಮಷಿನ್ ತುಂಬಾ ಹೊತ್ತಿನಿಂದ ಕೊಟ್ಟಿಲ್ಲ, ಈಗ ಕೊಡುತ್ತೆ" ಅನ್ನೋರ ಮಾತು ನಂಬಬೇಡಿ. ಪ್ರತಿ ಸ್ಪಿನ್‌ಗೂ ಒಳಗಿನ ಪ್ರೋಗ್ರಾಂ ಹೊಸದಾಗಿ ಯಾವುದೋ ಒಂದು ಸಂಖ್ಯೆ ತೆಗೆಯುತ್ತದೆ, ಹಿಂದಿನ ಸೋಲಿನ ಲೆಕ್ಕ ಇಡೋದಿಲ್ಲ. ಬೆಳೆಯುತ್ತಾ ಹೋಗುವ ಜಾಕ್‌ಪಾಟ್‌ಗೆ ಪ್ರತಿ ಬೆಟ್‌ನಿಂದ ಒಂದು ಪಾಲು ಕಟ್ಟಾಗುತ್ತದೆ, ಸುಮ್ನೆ ಬರಲ್ಲ.

ಮೊಬೈಲ್‌ನಲ್ಲಿ ದುಡ್ಡು ಹಾಕಿ ಆಡೋದಂತೂ ಬೇಡವೇ ಬೇಡ, ಅದನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಊರಿಗೆ ಬರುವ ಬಸ್ ದುಡ್ಡು ಬೇರೆ ಎತ್ತಿಡಿ, ಎಟಿಎಂ ಕಾರ್ಡ್ ರೂಮಿನಲ್ಲೇ ಬಿಟ್ಟು ಹೋಗಿ.