ಬಣವೆಯ ಲೆಕ್ಕದಿಂದ ಮೊದಲ ಮಳೆಯವರೆಗೆ: ಬರದ ವರ್ಷ ದನ-ಕುರಿಗಳ ಆರೈಕೆ

2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ, ಬಯಲುಸೀಮೆಯ ನಮ್ಮ ಮನೆಯಲ್ಲಿ ಮೇವು ತೀರಿದ್ದು ಮರುವರ್ಷದ ನಡುಬೇಸಿಗೆಯಲ್ಲಿ. ಅದು ತೀರುತ್ತದೆಂಬ ಸಂಗತಿಯನ್ನು ರಾಗಿ ಒಕ್ಕಣೆ ಮುಗಿದು ಬಣವೆ ಒಟ್ಟಿದ ದಿನವೇ ತಿಳಿಯಬಹುದಾಗಿತ್ತು. ನಾವು ಎಣಿಸಿರಲಿಲ್ಲ, ಅಷ್ಟೆ. ಆದ್ದರಿಂದ ಬರದ ವರ್ಷದ ಮೊದಲ ಕೆಲಸ ಎಣಿಕೆಯೇ ಎಂದು ನಾನು ನಂಬಿದ್ದೇನೆ.

ಎಣಿಸುವ ಕ್ರಮ ಸರಳವಾಗಿದೆ. ಸುಮಾರು 300 ಕಿಲೋ ತೂಗುವ ನಾಟಿ ಹಸುವಿಗೋ ಎತ್ತಿಗೋ ದಿನಕ್ಕೆ 6ರಿಂದ 7 ಕಿಲೋ ಒಣಮೇವು ಬೇಕು. ಐದು ದೊಡ್ಡ ದನಗಳಿಗೆ ತಲಾ 6 ಕಿಲೋ, ಎರಡು ಪಡ್ಡೆಗಳಿಗೆ ತಲಾ ಎರಡೂವರೆ ಕಿಲೋ ಹಿಡಿದರೂ ದಿನಕ್ಕೆ 35 ಕಿಲೋ ಆಗುತ್ತದೆ. ಜನವರಿ 1ರಿಂದ ಜುಲೈ ಕೊನೆಯವರೆಗಿನ 212 ದಿನಗಳಿಗೆ ಇದು 7,420 ಕಿಲೋ. ಈಗ ಬಣವೆಯಿಂದ ಮೂರು ನಾಲ್ಕು ಹೊರೆಗಳನ್ನು ತೂಗಿ ಸರಾಸರಿ ತೆಗೆಯಿರಿ. ಒಂದು ಹೊರೆ 12 ಕಿಲೋ ತೂಗಿ, ಬಣವೆಯಲ್ಲಿ 400 ಹೊರೆಗಳಿದ್ದರೆ ನಿಮ್ಮಲ್ಲಿರುವುದು 4,800 ಕಿಲೋ ಮಾತ್ರ. ಅದು 137 ದಿನಕ್ಕೆ, ಎಂದರೆ ಮೇ ಮಧ್ಯಕ್ಕೆ, ಬರಿದಾಗುತ್ತದೆ. ಕೊರತೆಯ 2,600 ಕಿಲೋವನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯನ್ನು ಜನವರಿಯಲ್ಲಿ ಕೇಳಿಕೊಂಡವರಿಗೆ ದಾರಿಗಳಿರುತ್ತವೆ. ಏಪ್ರಿಲ್‌ನಲ್ಲಿ ಕೇಳಿಕೊಂಡವರಿಗೆ ಲಾರಿಯವನು ಹೇಳಿದ್ದೇ ಬೆಲೆ.

ಮೊದಲ ದಾರಿ ಬಾಯಿಗಳನ್ನು ಕಡಿಮೆ ಮಾಡುವುದು. ಮಾರಲು ಮೀಸಲಾದ ಟಗರುಮರಿಗಳನ್ನೂ ಹೋತಗಳನ್ನೂ ಮೈಯಲ್ಲಿ ಮಾಂಸವಿರುವಾಗಲೇ ಸಂತೆಗೆ ಹೊಡೆಯಬೇಕು. ಬೇಸಿಗೆಯಲ್ಲಿ ಊರಿಗೆ ಊರೇ ಹಗ್ಗ ಹಿಡಿದು ಸಂತೆಯಲ್ಲಿ ನಿಂತಿರುತ್ತದೆ, ಕುರಿಯೂ ಸೊರಗಿರುತ್ತದೆ. ಗಬ್ಬದ ಹಸು, ಕಡಸು, ಉಳುವ ಜೋಡಿ, ಮರಿ ಹಾಕುವ ಕುರಿಗಳನ್ನು ಮಾತ್ರ ಆದಷ್ಟೂ ಕೈಬಿಡಬಾರದು. ಮಳೆ ಬಂದ ಮೇಲೆ ಮನೆ ಮತ್ತೆ ಎದ್ದು ನಿಲ್ಲುವುದು ಅವುಗಳಿಂದಲೇ. ಹಳ್ಳಿಕಾರ್, ಅಮೃತಮಹಲ್‌ನಂಥ ತಳಿಗಳು ಒಣಮೇವಿನ ಮೇಲೆ ಬದುಕು ಸಾಗಿಸಬಲ್ಲವು; ಹೆಚ್ಚು ಹಾಲಿನ ಮಿಶ್ರತಳಿ ಹಸುವಿಗೆ ಆ ತಾಳಿಕೆ ಇಲ್ಲ.

ಎರಡನೆಯ ದಾರಿ ಇರುವುದನ್ನು ಪೋಲಾಗದಂತೆ ಬಳಸುವುದು. ಇಡೀ ಹುಲ್ಲನ್ನು ಗೋದಲಿಗೆ ಹಾಕಿದರೆ ದನ ಎಳೆದು, ತುಳಿದು, ಅದರ ಮೇಲೇ ಸಗಣಿ ಹಾಕುತ್ತದೆ. ಜೋಳದ ಸೊಪ್ಪೆಯನ್ನಂತೂ ಕತ್ತರಿಸದೆ ಹಾಕಲೇಬಾರದು, ಏಕೆಂದರೆ ಗರಿಯನ್ನು ತಿಂದು ದಂಟನ್ನು ಬಿಡುವುದು ದನದ ಸ್ವಭಾವ. ಸಣ್ಣಗೆ ಕತ್ತರಿಸಿ, ಉಪ್ಪುನೀರು ಚಿಮುಕಿಸಿ, ಶೇಂಗಾ ಅಥವಾ ತೊಗರಿಯ ಹೊಟ್ಟಿನೊಂದಿಗೆ ಬೆರೆಸಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಹಾಕಬೇಕು.

ಕೊಂಡು ತಂದ ನೆಲ್ಲುಹುಲ್ಲಿಗೆ ಯೂರಿಯಾ ಉಪಚಾರ ಮಾಡುವುದು ಲಾಭದಾಯಕ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಪ್ರತಿ ಪದರಕ್ಕೂ ಸಮನಾಗಿ ಸಿಂಪಡಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಟಾರ್ಪಾಲಿನಿಂದ ಮುಚ್ಚಿ 21 ದಿನ ಬಿಡಬೇಕು. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಗಾಳಿಗೆ ಹರಡಿ, ಮೊದಲ ವಾರ ಬೇರೆ ಮೇವಿನೊಂದಿಗೆ ಸ್ವಲ್ಪವೇ ಬೆರೆಸಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ಕರಗಿಸಿದ ಬಾನಿಯನ್ನು ತೊಳೆಯದೆ ಬಿಟ್ಟರೆ, ಬಾಯಾರಿದ ದನ ಅದನ್ನು ಕುಡಿದು ಸಾಯಬಹುದು. ಈ ಒಂದು ಎಚ್ಚರವನ್ನು ಮನೆಯ ಮಕ್ಕಳಿಗೂ ಹೇಳಿಡಿ.

ಹಸಿರಿಗೆ ಮರಗಳೇ ಗತಿ. ಅಗಸೆ, ಸುಬಾಬುಲ್, ಬನ್ನಿ, ಅತ್ತಿ, ಆಲದ ಸೊಪ್ಪನ್ನು ಸರದಿಯಂತೆ ಕಡಿಯಬೇಕು. ಒಂದೇ ಮರವನ್ನು ಬೋಳು ಮಾಡಬಾರದು. ಸುಬಾಬುಲ್ ಮಾತ್ರ ಒಟ್ಟು ಮೇವಿನ ಮೂರನೆಯ ಒಂದು ಭಾಗವನ್ನು ಮೀರದಿರಲಿ. ಕುರಿ ಮೇಕೆಗಳಿಗೆ ಜಾಲಿಯ ಕಾಯಿ ಒಳ್ಳೆಯ ಆಹಾರ. ತಿಂಗಳುಗಟ್ಟಲೆ ಹಸಿರನ್ನೇ ಕಾಣದ ದನಕ್ಕೆ ಎ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುತ್ತದೆ. ಆದ್ದರಿಂದ ಇರುವ ಹಿಡಿಸೊಪ್ಪು ಮೊದಲು ಗಬ್ಬದ ಹಸುವಿಗೆ, ಆಮೇಲೆ ಕರುವಿಗೆ ಸಲ್ಲಬೇಕು.

ದನಗಳು ಗೋಡೆಯನ್ನು ನೆಕ್ಕುವುದು, ಮಣ್ಣು, ಮೂಳೆ, ಪ್ಲಾಸ್ಟಿಕ್ ಅಗಿಯುವುದು ಹಸಿವಿನಿಂದ ಮಾತ್ರವಲ್ಲ, ಲವಣದ ಕೊರತೆಯಿಂದಲೂ ಹೌದು. ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ, ಉಳಿದ ದೊಡ್ಡ ದನಗಳಿಗೆ 30 ಗ್ರಾಂ ಖನಿಜ ಮಿಶ್ರಣವನ್ನು, ಜೊತೆಗೊಂದು ಹಿಡಿ ಉಪ್ಪನ್ನು ತಪ್ಪಿಸದೆ ಕೊಡಿ. ಹಿಂಡಿಗೆ ದುಡ್ಡು ಸಾಲದ ದಿನಗಳಲ್ಲೂ ಇದನ್ನು ನಿಲ್ಲಿಸಬಾರದು.

ನೀರಿನ ಲೆಕ್ಕವನ್ನು ಬೇರೆಯಾಗಿಯೇ ಇಡಬೇಕು. ಬೇಸಿಗೆಯಲ್ಲಿ ದೊಡ್ಡ ದನಕ್ಕೆ 40ರಿಂದ 60 ಲೀಟರ್, ಕುರಿಗೆ ಸುಮಾರು 5 ಲೀಟರ್ ಬೇಕಾಗುತ್ತದೆ. ನೀರು ಕಡಿಮೆಯಾದರೆ ದನ ಮೇವನ್ನೂ ಬಿಡುತ್ತದೆ, ಹಾಲು ಇಳಿಯುತ್ತದೆ, ಸಗಣಿ ಗಟ್ಟಿಯಾಗಿ ಉಂಡೆಯುಂಡೆ ಬೀಳುತ್ತದೆ. ಬೆಳಿಗ್ಗೆ ಕಸ ಬಾಚುವಾಗ ಆ ಸಗಣಿಯನ್ನು ನೋಡುವ ಅಭ್ಯಾಸವಿರಲಿ. ಅನುಮಾನ ಬಂದರೆ ಕುತ್ತಿಗೆಯ ತೊಗಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡಿ: ಚೆನ್ನಾಗಿರುವ ದನದ ತೊಗಲು ಕೂಡಲೇ ಮೈಗಂಟುತ್ತದೆ, ನೀರು ಸಾಲದ ದನದ ತೊಗಲು ಮಡಿಕೆಯಾಗಿ ನಿಂತು ಮೆಲ್ಲಗೆ ಇಳಿಯುತ್ತದೆ. ಕಲ್ಲುಬಾನಿಗೆ ಹದಿನೈದು ದಿನಕ್ಕೊಮ್ಮೆ ಸುಣ್ಣ ಬಳಿದು, ಮೇಲೆ ಸೋಗೆಯ ನೆರಳು ಮಾಡಿದರೆ ಪಾಚಿ ಕಟ್ಟುವುದಿಲ್ಲ. ಮೈ ತೊಳೆಯಲು ನೀರಿಲ್ಲದಿದ್ದರೆ ಒದ್ದೆ ಗೋಣಿಯಿಂದ ಒರೆಸಿದರೂ ದನಕ್ಕೆ ಹಾಯೆನಿಸುತ್ತದೆ. ಮೇಯಲು ಬಿಡುವುದು ಬೆಳಿಗ್ಗೆ ಹತ್ತರೊಳಗೆ, ಮತ್ತೆ ಸಂಜೆ ನಾಲ್ಕರ ನಂತರ ಆಗಬೇಕು.

ಅತ್ಯಂತ ಅಪಾಯದ ದಿನಗಳು ಮೊದಲ ಮಳೆಯ ನಂತರ ಬರುತ್ತವೆ, ಮತ್ತು ಆ ಹೊತ್ತಿಗೆ ಎಲ್ಲರ ಎಚ್ಚರವೂ ಸಡಿಲಗೊಂಡಿರುತ್ತದೆ. ನಮ್ಮ ಎತ್ತೊಂದು ಐದು ತಿಂಗಳ ಬರವನ್ನು ದಾಟಿ, ಮಳೆ ಬಿದ್ದ ವಾರದಲ್ಲೇ ಸತ್ತಿತು. ಹಳೆಯ ಜೋಳದ ಕೂಳೆಯಲ್ಲಿ ಮೊಣಕಾಲೆತ್ತರ ಚಿಗುರು ಬಂದಿತ್ತು, ಎತ್ತು ಹಗ್ಗ ಕಿತ್ತುಕೊಂಡು ಅಲ್ಲಿಗೆ ನುಗ್ಗಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಅದು ಜೊಲ್ಲು ಸುರಿಸುತ್ತಾ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ವಸಡು ಕಡುಕೆಂಪಾಗಿತ್ತು. ವೈದ್ಯರು ಬರುವವರೆಗೂ ಅದು ಉಳಿಯಲಿಲ್ಲ. ಜೋಳದ ಎಳೆಯ ಚಿಗುರಿನಲ್ಲಿಯೂ ನೀರಿಲ್ಲದೆ ಕುಗ್ಗಿದ ಪೈರಿನಲ್ಲಿಯೂ ಸಯನೈಡ್ ವಿಷ ಹೆಚ್ಚಿರುತ್ತದೆ. ಹೂ ಬಿಡುವವರೆಗೆ ಆ ಹೊಲಕ್ಕೆ ದನವನ್ನು ಬಿಡಬೇಡಿ. ತಿಂದದ್ದು ಗೊತ್ತಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರಿಗೆ, ಅಥವಾ 1962 ಸಂಖ್ಯೆಗೆ, ಕರೆ ಮಾಡಿ. ರಕ್ತನಾಳಕ್ಕೆ ಕೊಡುವ ಮದ್ದು ಸಕಾಲದಲ್ಲಿ ಸಿಕ್ಕರೆ ದನ ಬದುಕುತ್ತದೆ.

ಕುರಿಗಳಿಗೂ ಹೊಸ ಹುಲ್ಲು ಇದೇ ರೀತಿ ಕಂಟಕ. ಹಸಿದ ಹೊಟ್ಟೆಗೆ ಎಳೆಹುಲ್ಲನ್ನು ತುಂಬಿಕೊಂಡ ಕುರಿಗೆ ಕರುಳುಬೇನೆ ತಗಲಿದರೆ, ಸಂಜೆ ನೆಟ್ಟಗಿದ್ದದ್ದು ಬೆಳಿಗ್ಗೆ ರೊಪ್ಪದಲ್ಲಿ ಸತ್ತು ಬಿದ್ದಿರುತ್ತದೆ. ಅದರ ಲಸಿಕೆಯನ್ನೂ, ದನಗಳ ಗಳಲೆ ಮತ್ತು ಚಪ್ಪೆ ರೋಗಗಳ ಲಸಿಕೆಯನ್ನೂ ಮಳೆಗೆ ಮುಂಚೆ, ಮೇ ತಿಂಗಳೊಳಗೇ ಹಾಕಿಸಿರಬೇಕು. ಮಳೆ ಬಿದ್ದ ಮೇಲೂ ಎರಡು ಮೂರು ವಾರ ಬೆಳಿಗ್ಗೆ ಒಣಹುಲ್ಲು ತಿನ್ನಿಸಿ, ಹೊಟ್ಟೆ ಅರ್ಧ ತುಂಬಿದ ಮೇಲೆಯೇ ಹೊರಗೆ ಬಿಡಬೇಕು. ಜನವರಿಯ ಲೆಕ್ಕದಲ್ಲಿ ಜುಲೈ ಕೊನೆಯವರೆಗೂ ಹುಲ್ಲು ಹಿಡಿದದ್ದು ಇದಕ್ಕಾಗಿಯೇ.